ಟೊಲುಯೀನ್ ಡ್ರಮ್ಮಿನ ಜೊತೆ ಕೆಲಸ: ಸಣ್ಣ ಕಾರ್ಖಾನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಬಣ್ಣ, ಅಂಟು ಕರಗಿಸಲು ಬಳಸುವ ದ್ರಾವಕ ಟೊಲುಯೀನ್. ಅರ್ಧ ಖರ್ಚಾದ ಅದರ ಡ್ರಮ್ಮೊಂದು ಕಾರ್ಖಾನೆಯ ಮೂಲೆಯಲ್ಲಿ ನಿಂತಿದೆ. ಕೆಳಗಿನ ಅರ್ಧದಲ್ಲಿರುವುದು ದ್ರವ. ಮೇಲಿನ ಅರ್ಧವನ್ನು ನಾವು ಖಾಲಿ ಎನ್ನುತ್ತೇವೆ. ಆದರೆ ಅಲ್ಲಿ ಗಾಳಿಯೂ ಟೊಲುಯೀನ್ ಆವಿಯೂ ಬೆರೆತು ನಿಂತಿರುತ್ತವೆ. ಗಾಳಿಯಲ್ಲಿ ಈ ಆವಿಯ ಪ್ರಮಾಣ ಶೇ 1.1ರಿಂದ ಶೇ 7.1ರ ನಡುವೆ ಇದ್ದರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಡ್ರಮ್ಮಿನೊಳಗೆ ಆವಿ ಈ ಮಟ್ಟದಲ್ಲಿ ಇರುವುದು ಯಾವ ಉಷ್ಣಾಂಶದಲ್ಲಿ ಗೊತ್ತೇ? ಸರಿಸುಮಾರು 4 ಡಿಗ್ರಿಯಿಂದ 37 ಡಿಗ್ರಿ ಸೆಲ್ಸಿಯಸ್‌ವರೆಗೆ. ಅಂದರೆ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಹೆಚ್ಚುಕಡಿಮೆ ವರ್ಷದ ಎಲ್ಲ ದಿನ, ಹಗಲೂ ರಾತ್ರಿಯೂ.

ಪೆಟ್ರೋಲಿನ ವಿಷಯ ಹೀಗಲ್ಲ. ಸಾಮಾನ್ಯ ಹವೆಯಲ್ಲಿ ಪೆಟ್ರೋಲ್ ಟ್ಯಾಂಕಿನ ಒಳಗೆ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಉರಿಯಲು ಬೇಕಾದ ಗಾಳಿಯೇ ಅಲ್ಲಿರುವುದಿಲ್ಲ. ಅಪಾಯವೆಲ್ಲ ಟ್ಯಾಂಕಿನ ಬಾಯಿಯ ಹೊರಗೆ. ಟೊಲುಯೀನ್ ಪೆಟ್ರೋಲಿನಷ್ಟು ಬೇಗ ಆವಿಯಾಗುವುದಿಲ್ಲ, ವಾಸನೆ ಅಷ್ಟು ಮೂಗಿಗೆ ಹೊಡೆಯುವುದಿಲ್ಲ, ಆದ್ದರಿಂದ ಪೆಟ್ರೋಲಿಗಿಂತ ಸಾಧು ಎಂದು ಹಳೆಯ ಪೇಂಟರ್‌ಗಳು ಹೇಳುವುದನ್ನು ಕೇಳಿದ್ದೇನೆ. ಆ ನಿಧಾನವೇ ಅದನ್ನು ಡ್ರಮ್ಮಿನೊಳಗೆ ಸ್ಫೋಟಕವಾಗಿಸುವುದು.

ಪೀಣ್ಯ, ಬೊಮ್ಮಸಂದ್ರ, ಬೈಕಂಪಾಡಿ, ಬೀದರಿನ ಕೊಳಾರ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಬಣ್ಣ, ಅಂಟು, ರಬ್ಬರ್, ಮುದ್ರಣ, ಔಷಧ ತಯಾರಿಕೆ ಎಲ್ಲೇ ಇರಲಿ, ಟೊಲುಯೀನ್ ಅಥವಾ ಅದು ಬೆರೆತ ಥಿನ್ನರ್ ಇದ್ದೇ ಇರುತ್ತದೆ. ದೊಡ್ಡ ಕಂಪನಿಗಳಲ್ಲಿ ಸುರಕ್ಷತಾ ಅಧಿಕಾರಿ ಇರುತ್ತಾರೆ. ನಾನು ಬರೆಯುತ್ತಿರುವುದು ಹತ್ತು-ಹದಿನೈದು ಜನ ಕೆಲಸ ಮಾಡುವ, ಮಾಲೀಕರೇ ಮೇಲ್ವಿಚಾರಕರೂ ಆಗಿರುವ ಶೆಡ್‌ಗಳಿಗಾಗಿ.

ಮೊದಲು: ಡ್ರಮ್ಮಿನಲ್ಲಿ ಏನಿದೆ ಎಂದು ಖಚಿತಪಡಿಸಿಕೊಳ್ಳಿ

ಟೊಲುಯೀನ್ ಬಣ್ಣವಿಲ್ಲದ, ನೀರಿಗಿಂತ ಹಗುರವಾದ ದ್ರವ. ಲೀಟರಿಗೆ ಸುಮಾರು 870 ಗ್ರಾಂ ತೂಗುತ್ತದೆ, 110.6 ಡಿಗ್ರಿಗೆ ಕುದಿಯುತ್ತದೆ. ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತದೆ. ಇದರ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ದ್ರವ ಕೊಡಲು ಆರಂಭಿಸುವ ಉಷ್ಣಾಂಶ, 4 ಡಿಗ್ರಿ. ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಈ ಕೊನೆಯ ಅಂಶವನ್ನು ಗಟ್ಟಿಯಾಗಿ ನೆನಪಿಡಿ. ಮುಂದಿನ ಅರ್ಧ ಸಲಹೆಗಳು ಅದರಿಂದಲೇ ಹುಟ್ಟಿದವು.

ಡ್ರಮ್ಮಿನ ಜೊತೆ ಸುರಕ್ಷತಾ ಮಾಹಿತಿ ಪತ್ರ ಕೊಡುವಂತೆ ಮಾರಾಟಗಾರರನ್ನು ಕೇಳಿ. ಅದರಲ್ಲಿ ಹದಿನಾರು ಭಾಗಗಳಿರುತ್ತವೆ. ಎಲ್ಲವನ್ನೂ ಓದಲು ಪುರಸೊತ್ತಿಲ್ಲದಿದ್ದರೆ 2, 4, 7, 8 ಮತ್ತು 9ನೆಯ ಭಾಗಗಳನ್ನಾದರೂ ಓದಿ. ಅಪಾಯಗಳು, ಪ್ರಥಮ ಚಿಕಿತ್ಸೆ, ಬಳಕೆ ಮತ್ತು ದಾಸ್ತಾನು, ರಕ್ಷಣಾ ಸಾಧನ, ಭೌತಿಕ ಗುಣಗಳು ಆ ಕ್ರಮದಲ್ಲಿ ಸಿಗುತ್ತವೆ. ಪತ್ರ ಇಂಗ್ಲಿಷಿನಲ್ಲಿರುತ್ತದೆ, ಫೈಲಿನಲ್ಲಿ ಮಲಗುತ್ತದೆ. ಅದರ ಸಾರವನ್ನು ಒಂದು ಪುಟದಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಡ್ರಮ್ ಇರುವ ಕಡೆ ಅಂಟಿಸಿ. ಬಿಹಾರ, ಒಡಿಶಾಗಳಿಂದ ಬಂದ ಹುಡುಗರೇ ಹೆಚ್ಚಾಗಿರುವ ಶೆಡ್ಡಿನಲ್ಲಿ ಕನ್ನಡ ಫಲಕ ಒಂದೇ ಸಾಲದು.

ಮಾಹಿತಿ ಪತ್ರವೇ ಇಲ್ಲದೆ, ಹೆಸರೂ ಇಲ್ಲದೆ, ಹಳೆಯ ಎಣ್ಣೆ ಡಬ್ಬಿಯಲ್ಲಿ ತುಂಬಿಸಿ ಅಗ್ಗಕ್ಕೆ ಕೊಡುವ ಥಿನ್ನರ್ ಬೇಡ. ಅದರಲ್ಲಿ ಬೆಂಜೀನ್ ಇರಬಹುದು, ಹೆಕ್ಸೇನ್ ಇರಬಹುದು. ಮೊದಲನೆಯದು ರಕ್ತದ ಕ್ಯಾನ್ಸರಿಗೂ ಎರಡನೆಯದು ಕೈಕಾಲುಗಳ ನರಹಾನಿಗೂ ದಾರಿ. ಅಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ಎಷ್ಟು ಇಟ್ಟುಕೊಳ್ಳಬಹುದು

ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ ಇರುವ ಹೈಡ್ರೋಕಾರ್ಬನ್ ದ್ರವಗಳು 1934ರ ಪೆಟ್ರೋಲಿಯಂ ಕಾಯ್ದೆಯಡಿ 'ಎ' ವರ್ಗಕ್ಕೆ ಸೇರುತ್ತವೆ. ಟೊಲುಯೀನ್ ಇದೇ ವರ್ಗದ್ದು. ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾಗಿ ಒಟ್ಟು 30 ಲೀಟರ್‌ವರೆಗೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಅದೂ ಭದ್ರವಾಗಿ ಮುಚ್ಚಿದ, 25 ಲೀಟರ್ ಮೀರದ ಲೋಹದ ಪಾತ್ರೆಗಳಲ್ಲಿ. ಗಾಜಿನ ಪಾತ್ರೆಯಾದರೆ ಒಂದು ಲೀಟರ್ ಮೀರುವಂತಿಲ್ಲ. ಒಂದೇ ಒಂದು 200 ಲೀಟರ್ ಡ್ರಮ್ ಶೆಡ್ಡಿನೊಳಗೆ ಬಂದರೂ ಈ ಮಿತಿ ದಾಟಿದಿರಿ. ಪರವಾನಗಿಯ ವಿಚಾರವನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಎಲ್ಲರ ಬಾಯಲ್ಲಿ 'ಪೆಸೊ'.

ಕಾನೂನನ್ನು ಪಕ್ಕಕ್ಕಿಟ್ಟರೂ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಒಂದು ಲೀಟರ್ ಟೊಲುಯೀನ್ ಪೂರ್ತಿ ಆವಿಯಾದರೆ ಸುಮಾರು 230 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ಶೇ 1.1ರಂತೆ ಹರಡಿದರೆ ಅದು ಇಪ್ಪತ್ತು ಸಾವಿರ ಲೀಟರ್ ಗಾಳಿಯನ್ನು ಹೊತ್ತಿಕೊಳ್ಳುವ ಮಿಶ್ರಣವಾಗಿಸಲು ಸಾಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಏಳು ಅಡಿ ಎತ್ತರದ ಕೋಣೆಯಲ್ಲಿ ಇರುವುದು ಅಷ್ಟೇ ಗಾಳಿ. ನಿಜದಲ್ಲಿ ಆವಿ ಕೋಣೆಯ ತುಂಬ ಸಮನಾಗಿ ಹರಡುವುದಿಲ್ಲ. ಭಾರವಿರುವುದರಿಂದ ನೆಲದ ಹತ್ತಿರ ದಟ್ಟವಾಗಿ ತೆವಳುತ್ತದೆ. ಆದ್ದರಿಂದ ಕೆಲಸದ ಮೇಜಿನ ಬಳಿ ಆ ದಿನಕ್ಕೆ, ಸಾಧ್ಯವಾದರೆ ಆ ಹೊತ್ತಿಗೆ ಬೇಕಾದಷ್ಟೇ ಇರಲಿ. ಉಳಿದದ್ದು ಉಗ್ರಾಣದಲ್ಲಿ.

2020ರ ನವೆಂಬರ್‌ನಲ್ಲಿ ಬೆಂಗಳೂರಿನ ಮೈಸೂರು ರಸ್ತೆ ಬಳಿಯ ಹೊಸಗುಡ್ಡದಹಳ್ಳಿಯಲ್ಲಿ ಮನೆಗಳ ನಡುವೆಯೇ ಇದ್ದ ರಾಸಾಯನಿಕ ದಾಸ್ತಾನಿಗೆ ಬೆಂಕಿ ಬಿದ್ದದ್ದು ಅನೇಕರಿಗೆ ನೆನಪಿರಬಹುದು. ದ್ರಾವಕದ ಡ್ರಮ್ಮುಗಳನ್ನು ಜನವಸತಿಯ ನಡುವೆ ಪೇರಿಸುವುದರ ಅರ್ಥ ಏನೆಂದು ಆ ಹೊಗೆ ಹೇಳಿತು.

ಉಗ್ರಾಣ

ಡ್ರಮ್ಮುಗಳಿಗೆ ಪ್ರತ್ಯೇಕ ಕೋಣೆ ಬೇಕು, ಮುಖ್ಯ ಕಟ್ಟಡದಿಂದ ದೂರವಿದ್ದಷ್ಟು ಒಳ್ಳೆಯದು. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆ, ಹೊರಕ್ಕೆ ತೆರೆಯುವ ಬಾಗಿಲು, ಬಿಸಿಲು ನೇರವಾಗಿ ಬೀಳದ ಜಾಗ. ಗಾಳಿಕಿಂಡಿಗಳನ್ನು ಮೇಲಷ್ಟೇ ಇಟ್ಟರೆ ಪ್ರಯೋಜನವಿಲ್ಲ. ನೆಲದಿಂದ ಒಂದು ಗೇಣಿನೊಳಗೆ, ಎದುರುಬದುರು ಗೋಡೆಗಳಲ್ಲಿ ಕಿಂಡಿ ಬೇಕು. ನಮ್ಮಲ್ಲಿ ಗೋಡೆಯ ತಲೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಸಮಾಧಾನಪಡುವುದು ರೂಢಿ. ಅದು ಅಡುಗೆಮನೆಯ ಹೊಗೆಗೆ ಸರಿ, ನೆಲದಲ್ಲಿ ಮಲಗಿರುವ ಆವಿಯನ್ನು ಅದು ಮುಟ್ಟುವುದೂ ಇಲ್ಲ.

ಬಾಗಿಲಿನಲ್ಲಿ ಎತ್ತರದ ಹೊಸ್ತಿಲು ಕಟ್ಟಿ, ಡ್ರಮ್ ಒಡೆದರೆ ದ್ರವ ಹೊರಗೆ ಹರಿಯದಂತೆ ನೋಡಿಕೊಳ್ಳಿ. ಅತಿ ದೊಡ್ಡ ಪಾತ್ರೆಯಲ್ಲಿರುವಷ್ಟು ದ್ರವ, ಅದರ ಮೇಲೆ ಇನ್ನೂ ಹತ್ತನೆಯ ಒಂದು ಪಾಲು ಹಿಡಿಸುವಂತಿರಬೇಕು. ನೆಲದಲ್ಲಿ ಚರಂಡಿಗೆ ಹೋಗುವ ತೂತು ಇರಕೂಡದು.

ದೀಪ, ಫ್ಯಾನು, ಮೋಟಾರುಗಳು ಫ್ಲೇಮ್‌ಪ್ರೂಫ್ ಮಾದರಿಯವಾಗಿರಬೇಕು, ಅಂದರೆ ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹಚ್ಚದಂಥವು. ಕೊಳ್ಳುವಾಗ ಅದರ ಮೇಲೆ ಕೆತ್ತಿರುವ ಗುರುತನ್ನು ನೋಡಿ. ಯಾವ ಬಗೆಯ ಆವಿ ಇರುವಲ್ಲಿ ಬಳಸಬಹುದೆಂದು ಅದರಲ್ಲಿನ ಅನಿಲ ಗುಂಪು ಹೇಳುತ್ತದೆ. ಟೊಲುಯೀನ್‌ಗೆ 'ಐಐಎ' (IIA) ಸಾಕು. ಸಣ್ಣ ಉಗ್ರಾಣಕ್ಕೆ ಇನ್ನೂ ಅಗ್ಗದ ಉಪಾಯವಿದೆ. ಒಳಗೆ ವಿದ್ಯುತ್ತನ್ನೇ ಎಳೆಯದೆ ಹಗಲು ಬೆಳಕಿನಲ್ಲಿ ಮಾತ್ರ ಡ್ರಮ್ ತೆರೆಯುವ ನಿಯಮ ಮಾಡಿಕೊಳ್ಳುವುದು. ಮೊಬೈಲ್, ಬೀಡಿ, ಬೆಂಕಿಪೊಟ್ಟಣ ಹೊರಗೆ. ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್, ಬ್ಲೀಚಿಂಗ್ ಪುಡಿ, ಆಮ್ಲಜನಕದ ಸಿಲಿಂಡರ್ ಇವು ಯಾವುವೂ ಅದೇ ಕೋಣೆಯಲ್ಲಿ ಬೇಡ.

ಸುರಿಯುವ ಕೆಲಸ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಬೀಡಿ ಸೇದಬಾರದೆಂದು ಎಲ್ಲರಿಗೂ ಗೊತ್ತು. ಬೀಡಿಯೂ ಇಲ್ಲದೆ, ಬೆಂಕಿಯೂ ಇಲ್ಲದೆ, ವಿದ್ಯುತ್ ತಂತಿಯೂ ಇಲ್ಲದೆ, ಬರೀ ಸುರಿಯುವುದರಿಂದ ಬೆಂಕಿ ಹತ್ತುತ್ತದೆ ಎಂದರೆ ಹೆಚ್ಚಿನವರು ನಂಬುವುದಿಲ್ಲ.

ಟೊಲುಯೀನ್ ವಿದ್ಯುತ್ತನ್ನು ಬಹುತೇಕ ಹರಿಯಗೊಡದ ದ್ರವ. ಕೊಳವೆಯಲ್ಲಿ ಓಡುವಾಗ, ನಲ್ಲಿಯಿಂದ ಧುಮುಕುವಾಗ, ಜಾಲರಿ ದಾಟುವಾಗ ಉಜ್ಜಾಟದಿಂದ ಅದರಲ್ಲಿ ವಿದ್ಯುದಂಶ ಸೇರುತ್ತದೆ. ನೀರಾದರೆ ಅದು ತಕ್ಷಣ ನೆಲಕ್ಕಿಳಿದುಹೋಗುತ್ತದೆ. ಟೊಲುಯೀನ್‌ನಲ್ಲಿ ಅದು ಉಳಿದು ಸುರಿಸಿಕೊಂಡ ಪಾತ್ರೆಯ ಮೇಲೆ ಒಟ್ಟುಗೂಡುತ್ತದೆ. ಪಾತ್ರೆಯ ಹತ್ತಿರ ಇನ್ನೊಂದು ಲೋಹದ ವಸ್ತುವೋ ಬೆರಳೋ ಬಂದಾಗ ಕಿಡಿ ಹಾರುತ್ತದೆ. ಟೊಲುಯೀನ್ ಆವಿ ಹೊತ್ತಲು ಬೇಕಾದ ಕಿಡಿ 0.24 ಮಿಲಿಜೌಲ್. ಒಣ ಹವೆಯಲ್ಲಿ ಬಾಗಿಲಿನ ಹಿಡಿ ಮುಟ್ಟಿದಾಗ ಬೆರಳಿಗೆ ಚುರುಕ್ ಎನ್ನುವ ಕಿಡಿಯ ಶಕ್ತಿ ಅದಕ್ಕಿಂತ ಹೆಚ್ಚು. ಅಂದರೆ ನಿಮಗೆ ಅರಿವಿಗೇ ಬಾರದ ಕಿಡಿಯೂ ಸಾಕು.

2007ರ ಅಕ್ಟೋಬರ್ 29ರಂದು ಅಮೆರಿಕದ ಅಯೋವಾ ರಾಜ್ಯದ ಡಿ ಮೊಯಿನ್ ನಗರದ ದ್ರಾವಕ ಗೋದಾಮಿನಲ್ಲಿ ಕೆಲಸಗಾರನೊಬ್ಬ ಉಕ್ಕಿನ ಪೆಟ್ಟಿಗೆಯಾಕಾರದ ಟ್ಯಾಂಕಿಗೆ ಈಥೈಲ್ ಅಸಿಟೇಟ್ ತುಂಬುತ್ತಿದ್ದ. ಕೊಳವೆಯ ಮೂತಿ ಟ್ಯಾಂಕಿನ ಬಾಯಿಂದ ಜಾರದಿರಲೆಂದು ಅದಕ್ಕೆ ಉಕ್ಕಿನ ತೂಕವೊಂದನ್ನು ನೇತುಹಾಕಿ, ವಾಲ್ವ್ ತೆರೆದು ಆಚೆ ಹೋದ. ಸದ್ದು ಕೇಳಿ ತಿರುಗಿ ನೋಡಿದಾಗ ಟ್ಯಾಂಕಿಗೆ ಬೆಂಕಿ ಹತ್ತಿತ್ತು. ಮೂತಿಯ ಲೋಹದ ಭಾಗಗಳಿಗೆ ಭೂಸಂಪರ್ಕ ಇರಲಿಲ್ಲ; ಅವಕ್ಕೂ ಟ್ಯಾಂಕಿಗೂ ನಡುವೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಿರಬೇಕು ಎಂದು ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಉರಿದದ್ದು ಇಡೀ ಗೋದಾಮು.

ನಮ್ಮ ಶೆಡ್‌ಗಳಲ್ಲಿ ಇದರದೇ ಸಣ್ಣ ರೂಪ ನೋಡಬಹುದು. ಅಡ್ಡ ಮಲಗಿಸಿದ ಡ್ರಮ್ಮಿನ ನಲ್ಲಿಗೆ ತಗಡಿನ ಬಕೆಟ್ ನೇತುಹಾಕಿ ತುಂಬಿಸಿಕೊಳ್ಳುವುದು. ಬಕೆಟ್ಟಿನ ತಂತಿಯ ಹಿಡಿಗೆ ಕೈಗೆ ಒತ್ತದಿರಲೆಂದು ಪ್ಲಾಸ್ಟಿಕ್ ಕೊಳವೆ ತೊಡಿಸಿರುತ್ತಾರೆ. ನಲ್ಲಿಗೆ ತಗುಲುವುದು ಆ ಪ್ಲಾಸ್ಟಿಕ್. ಬಕೆಟ್ ಲೋಹದ್ದು, ಡ್ರಮ್ ಲೋಹದ್ದು, ನಡುವೆ ಬೆರಳಿನಷ್ಟು ಪ್ಲಾಸ್ಟಿಕ್. ಬಕೆಟ್ಟಿನಲ್ಲಿ ಸೇರಿದ ವಿದ್ಯುದಂಶಕ್ಕೆ ಇಳಿದುಹೋಗಲು ದಾರಿಯೇ ಇಲ್ಲ. ತುಂಬಿದ ಬಕೆಟ್ಟನ್ನು ಎತ್ತುವಾಗ ಅದರ ಅಂಚು ನಲ್ಲಿಗೆ ತಾಗಿದರೆ ಸಾಕು. ಇಂಥ ಬಕೆಟ್ ನಿಮ್ಮಲ್ಲಿದ್ದರೆ ಇಂದೇ ತೆಗೆಯಿರಿ.

ಸರಿಯಾದ ಕ್ರಮ ಹೀಗಿದೆ:

1. ಡ್ರಮ್ಮಿಗೆ ಅರ್ಥಿಂಗ್ ಕೊಡಿ. ತಾಮ್ರದ ತಂತಿಯ ಒಂದು ತುದಿ ಕಟ್ಟಡದ ಅರ್ಥಿಂಗ್ ಪಟ್ಟಿಗೆ, ಇನ್ನೊಂದು ಬಲವಾದ ಹಲ್ಲಿನ ಕ್ಲಿಪ್ಪಿನಿಂದ ಡ್ರಮ್ಮಿನ ಅಂಚಿಗೆ. ಡ್ರಮ್ಮಿನ ಮೇಲೆ ಬಣ್ಣವಿರುತ್ತದೆ. ಕ್ಲಿಪ್ ಕೂರುವ ಜಾಗವನ್ನು ಎಮರಿ ಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಾಣುವಂತೆ ಮಾಡಿ. ಬಣ್ಣದ ಮೇಲೆ ಕಚ್ಚಿದ ಕ್ಲಿಪ್ ಬರೀ ತೋರಿಕೆಗೆ. ಈ ಉಜ್ಜುವ ಕೆಲಸ ಬಿರಡೆ ತೆಗೆಯುವ ಮೊದಲೇ ಮುಗಿದಿರಲಿ.

2. ಇನ್ನೊಂದು ತಂತಿಯಿಂದ ಡ್ರಮ್ಮನ್ನೂ ತುಂಬಿಸಿಕೊಳ್ಳುವ ಲೋಹದ ಪಾತ್ರೆಯನ್ನೂ ಜೋಡಿಸಿ. ಆಲಿಕೆ ಬಳಸಿದರೆ ಅದೂ ಲೋಹದ್ದಾಗಿರಲಿ, ಎರಡಕ್ಕೂ ತಾಗಿಕೊಂಡಿರಲಿ. ತಂತಿಗಳು ಸರಿಯಾಗಿವೆಯೇ ಎಂದು ಮಲ್ಟಿಮೀಟರಿನಿಂದ ಆಗಾಗ ನೋಡಿ. ಓದು 10 ಓಮ್‌ಗಿಂತ ಕಡಿಮೆ ಇರಬೇಕು. ಕ್ಲಿಪ್ಪಿನ ಬುಡದಲ್ಲಿ ತಂತಿ ಒಳಗೇ ತುಂಡಾಗಿ, ಹೊರಗಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹಿಡಿದುಕೊಂಡಿರುವುದು ಸಾಮಾನ್ಯ. ಕಣ್ಣಿಗೆ ಅದು ಕಾಣುವುದಿಲ್ಲ.

3. ಇಷ್ಟಾದ ಮೇಲೆ ಬಿರಡೆ ತೆರೆಯಿರಿ. ಕಿಡಿ ಹಾರದ ಹಿತ್ತಾಳೆ ಅಥವಾ ಕಂಚಿನ ಕೀಲಿ ಬಳಸಿ, ಮೆಲ್ಲಗೆ, ಒಳಗಿನ ಒತ್ತಡ ಹೊರಹೋಗಲು ಬಿಟ್ಟು ತಿರುಗಿಸಿ. ಸುತ್ತಿಗೆ, ಉಳಿ ಬೇಡ.

4. ಕೈಯಿಂದ ತಿರುಗಿಸುವ ಡ್ರಮ್ ಪಂಪು ಅಥವಾ ತಾನಾಗಿ ಮುಚ್ಚಿಕೊಳ್ಳುವ ನಲ್ಲಿಯ ಮೂಲಕ ತೆಗೆಯಿರಿ. ಕೊಳವೆಯ ತುದಿ ಕೆಳಗಿನ ಪಾತ್ರೆಯ ತಳಕ್ಕೆ ಮುಟ್ಟಿರಲಿ. ಎತ್ತರದಿಂದ ಧಾರೆ ಬಿಟ್ಟರೆ ಹನಿಗಳು ಚಿಮ್ಮಿ ವಿದ್ಯುದಂಶವೂ ಹೆಚ್ಚುತ್ತದೆ, ಆವಿಯೂ ಹೆಚ್ಚುತ್ತದೆ. ಕೊಳವೆಯ ತುದಿ ಮುಳುಗುವ ತನಕ ಹರಿವು ನಿಧಾನವಾಗಿರಲಿ.

5. ತುಂಬಿದ ಮೇಲೆ ಒಂದು ನಿಮಿಷ ಸುಮ್ಮನೆ ಬಿಡಿ. ಬಳಿಕ ಎರಡರ ಬಿರಡೆಗಳನ್ನೂ ಮುಚ್ಚಿ. ಕ್ಲಿಪ್‌ಗಳನ್ನು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

ಪ್ಲಾಸ್ಟಿಕ್ ಕ್ಯಾನು ಏಕೆ ಬೇಡವೆಂದು ಈಗ ಅರ್ಥವಾಗಿರಬಹುದು: ಅದಕ್ಕೆ ಎಷ್ಟು ಕ್ಲಿಪ್ ಹಾಕಿದರೂ ಅರ್ಥಿಂಗ್ ಆಗುವುದಿಲ್ಲ. ತಾನಾಗಿ ಮುಚ್ಚಿಕೊಳ್ಳುವ ಮುಚ್ಚಳ, ಬಾಯಿಯಲ್ಲಿ ಬೆಂಕಿ ತಡೆಯುವ ಜಾಲರಿ ಇರುವ ಲೋಹದ ಸುರಕ್ಷತಾ ಕ್ಯಾನು ದುಬಾರಿ ನಿಜ, ಆದರೆ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ.

ಕಂಪ್ರೆಸರಿನ ಗಾಳಿಯನ್ನು ಡ್ರಮ್ಮಿನೊಳಗೆ ಬಿಟ್ಟು ಆ ಒತ್ತಡದಿಂದ ದ್ರವವನ್ನು ಹೊರತಳ್ಳುವ 'ಜಾಣತನ'ವನ್ನು ಕೆಲವೆಡೆ ನೋಡಿದ್ದೇನೆ. ಡ್ರಮ್ಮನ್ನು ಒತ್ತಡ ತಾಳಲು ಮಾಡಿರುವುದಿಲ್ಲ. ತಳ ಉಬ್ಬಿ ಹೊಲಿಗೆ ಬಿಟ್ಟುಕೊಂಡರೆ ಅಲ್ಲಿರುವವರ ಮೇಲೆ ದ್ರಾವಕದ ಮಳೆ. ಬಾಯಿಂದ ಕೊಳವೆ ಎಳೆದು ತೆಗೆಯುವುದಂತೂ ಬೇಡವೇ ಬೇಡ. ಏಕೆಂದು ಮುಂದೆ ಹೇಳುತ್ತೇನೆ.

ತೊಡುವ ಬಟ್ಟೆ ಹತ್ತಿಯದಿರಲಿ. ಪಾಲಿಯೆಸ್ಟರ್ ಅಂಗಿ, ನೈಲಾನ್ ಜಾಕೆಟ್ ವಿದ್ಯುದಂಶ ಹುಟ್ಟಿಸುತ್ತವೆ, ಬೆಂಕಿ ಹತ್ತಿದರೆ ಕರಗಿ ಚರ್ಮಕ್ಕಂಟುತ್ತವೆ. ರಬ್ಬರ್ ಚಪ್ಪಲಿಯ ಬದಲು ಸ್ಥಿರ ವಿದ್ಯುತ್ ನಿರೋಧಕ ಬೂಟು. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು.

ಬಳಸುವಾಗ

ಬಳಸುವ ಜಾಗದಲ್ಲಿ ಆವಿಯನ್ನು ಹುಟ್ಟಿದ ಕಡೆಯಲ್ಲೇ, ಉಸಿರಿನ ಮಟ್ಟಕ್ಕೆ ಏರುವ ಮುನ್ನ, ಕೆಳಗಿನಿಂದ ಎಳೆದುಕೊಳ್ಳುವ ವ್ಯವಸ್ಥೆ ಬೇಕು. ಮೇಜಿನ ಮೇಲಿನ ಡಬ್ಬಿಗಳಿಗೆ ಮುಚ್ಚಳವಿರಲಿ. ಬ್ರಷ್ ಅದ್ದುವಷ್ಟೇ ತೆರೆದಿರಲಿ. ಭಾಗಗಳನ್ನು ತೊಳೆಯಲು ತೆರೆದ ತಟ್ಟೆಯ ತುಂಬ ಥಿನ್ನರ್ ಸುರಿದುಕೊಂಡು ಕೂರುವುದು ಹಣವನ್ನೂ ಆರೋಗ್ಯವನ್ನೂ ಒಟ್ಟಿಗೆ ಗಾಳಿಗೆ ಬಿಟ್ಟಂತೆ.

ವೆಲ್ಡಿಂಗ್, ಗ್ಯಾಸ್ ಕಟಿಂಗ್, ಗ್ರೈಂಡಿಂಗ್ ಕೆಲಸಕ್ಕೂ ಉರಿಯುವ ವಸ್ತುಗಳಿಗೂ ಕನಿಷ್ಠ 11 ಮೀಟರ್ ಅಂತರ ಎಂಬುದು ಸಾಮಾನ್ಯ ನಿಯಮ. ದ್ರಾವಕದ ವಿಷಯದಲ್ಲಿ ನಾನು ಆ ಅಳತೆಯನ್ನು ನೆಚ್ಚುವುದಿಲ್ಲ. ಆವಿ ನೆಲದ ಮೇಲೆ, ಕೇಬಲ್ ಕಾಲುವೆಯೊಳಗೆ ತೆವಳಿ ದೂರ ಹೋಗುತ್ತದೆ. ಅಲ್ಲಿ ಬೆಂಕಿ ಹತ್ತಿ ಅದೇ ದಾರಿಯಲ್ಲಿ ವಾಪಸು ಡ್ರಮ್ಮಿಗೆ ಬರುತ್ತದೆ. ಬಿಸಿ ಕೆಲಸವಿರುವ ದಿನ ದ್ರಾವಕವನ್ನು ಆ ಶೆಡ್ಡಿನಿಂದಲೇ ಹೊರಗೆ ಸಾಗಿಸಿ.

ನಮ್ಮಲ್ಲಿ ಯಾವ ಸುರಕ್ಷತಾ ಪುಸ್ತಕದಲ್ಲೂ ಇಲ್ಲದ ಕಿಡಿಯೊಂದಿದೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ದೇವರ ಪಟಕ್ಕೆ ಊದುಬತ್ತಿ, ಬಳಿಕ ಅದೇ ಊದುಬತ್ತಿಯನ್ನು ಒಂದೊಂದು ಯಂತ್ರಕ್ಕೂ ಬೆಳಗಿಕೊಂಡು ಬರುವುದು. ಆಯುಧಪೂಜೆಯ ದಿನ ಕರ್ಪೂರದ ಆರತಿ, ನಿಂಬೆಹಣ್ಣು, ಹೊಸ ಬಣ್ಣ ಬಳಿದ ಯಂತ್ರಗಳು, ಹಿಂದಿನ ದಿನ ಅವನ್ನೆಲ್ಲ ಥಿನ್ನರಿನಿಂದ ಒರೆಸಿದ ಬಟ್ಟೆಗಳ ರಾಶಿ ಮೂಲೆಯಲ್ಲಿ. ರಾತ್ರಿಯಿಡೀ ಮುಚ್ಚಿದ್ದ ಶೆಡ್ಡಿನಲ್ಲಿ ಆವಿ ನೆಲದ ಮೇಲೆ ನಿಂತಿರುತ್ತದೆ. ಪೂಜೆ ಬೇಡವೆನ್ನುವುದಿಲ್ಲ, ಹಾಗೆ ಹೇಳಿದರೆ ಯಾರೂ ಕೇಳುವುದೂ ಇಲ್ಲ. ದೇವರ ಪಟವನ್ನು ಕಚೇರಿ ಕೋಣೆಗೆ ಸಾಗಿಸಿ. ಶೆಡ್ಡಿನ ಬಾಗಿಲು ಕಿಟಕಿ ತೆರೆದು ಗಾಳಿಯಾಡಿದ ಮೇಲೆ ಒಳಗೆ ಹೋಗಿ. ಯಂತ್ರಗಳಿಗೆ ಹೂವು, ಕುಂಕುಮ ಇಡಿ, ಆರತಿಯನ್ನು ಹೊರಗೆ ಮಾಡಿ. ದ್ರಾವಕದ ಬಟ್ಟೆಗಳು ಹಿಂದಿನ ಸಂಜೆಯೇ ಹೊರಗೆ ಹೋಗಿರಬೇಕು.

ಒರೆಸಿದ ಬನಿಯನ್ ವೇಸ್ಟ್ ಹಾಕಲು ಮುಚ್ಚಳವಿರುವ ಲೋಹದ ಡಬ್ಬಿ ಇಡಿ, ದಿನದ ಕೊನೆಗೆ ಖಾಲಿ ಮಾಡಿ. ಅಗಸೆ ಎಣ್ಣೆ ಬೆರೆತ ವಾರ್ನಿಶ್ ಒರೆಸಿದ ಬಟ್ಟೆಯಾದರೆ ಕಿಡಿಯೇ ಇಲ್ಲದೆ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ಮುಳುಗಿಸಿಡಿ.

ಉಸಿರು, ಚರ್ಮ, ಹೊಟ್ಟೆ

ಬೆಂಕಿ ಹತ್ತುವ ಮಟ್ಟಕ್ಕಿಂತ ಎಷ್ಟೋ ಮೊದಲೇ ಟೊಲುಯೀನ್ ಮನುಷ್ಯನನ್ನು ಕೆಡವುತ್ತದೆ. ಶೇ 1.1 ಎಂದರೆ 11,000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 11,000 ಪಾಲು. 500 ಪಿಪಿಎಂ ಮಟ್ಟವನ್ನೇ ಜೀವಕ್ಕೆ, ಆರೋಗ್ಯಕ್ಕೆ ತಕ್ಷಣದ ಅಪಾಯವೆಂದು ಪರಿಗಣಿಸಲಾಗಿದೆ. 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿ ಎಂಟು ಗಂಟೆಯ ಸರಾಸರಿಗೆ ಇಟ್ಟಿದ್ದ ಮಿತಿ 100 ಪಿಪಿಎಂ. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘಟನೆ ತನ್ನ ಮಿತಿಯನ್ನು 20ಕ್ಕೆ ಇಳಿಸಿ ಬಹಳ ವರ್ಷಗಳಾದವು. ಹತ್ತಡಿ ಉದ್ದ-ಅಗಲ-ಎತ್ತರದ ಮುಚ್ಚಿದ ಕೋಣೆಯಲ್ಲಿ 100 ಪಿಪಿಎಂ ಆಗಲು ಎಷ್ಟು ದ್ರವ ಆರಬೇಕು? ಸುಮಾರು 12 ಮಿಲಿಲೀಟರ್, ಎರಡೂವರೆ ಚಮಚೆ.

ವಾಸನೆಯನ್ನು ಅಳತೆಗೋಲಾಗಿ ನಂಬಬೇಡಿ. ಮೊದಲು ಬಂದ ವಾಸನೆ ಸ್ವಲ್ಪ ಹೊತ್ತಿಗೆ ಮೂಗಿಗೆ ರೂಢಿಯಾಗಿ ಮರೆಯಾಗುತ್ತದೆ, ಆವಿ ಮಾತ್ರ ಹಾಗೆಯೇ ಇರುತ್ತದೆ. ತಲೆನೋವು, ತಲೆಸುತ್ತು, ಅಮಲೇರಿದಂಥ ಅನುಭವ, ವಾಕರಿಕೆ ಬಂದರೆ ಕೆಲಸ ನಿಲ್ಲಿಸಿ ಹೊರಗೆ ಬರಬೇಕು. ವರ್ಷಗಟ್ಟಲೆ ಉಸಿರಾಡಿದರೆ ನೆನಪು, ನಡಿಗೆಯ ಹಿಡಿತ ಕೆಡುತ್ತವೆ. ಯಂತ್ರಗಳ ಗದ್ದಲವೂ ಸೇರಿದಾಗ ಕಿವಿ ಬೇಗ ಮಂದವಾಗುತ್ತದೆ. ಗರ್ಭದಲ್ಲಿರುವ ಮಗುವಿಗೆ ಹಾನಿಯ ಶಂಕೆ ಇರುವುದರಿಂದ ಗರ್ಭಿಣಿಯರಿಗೆ ಈ ಕೆಲಸ ಹಚ್ಚಬೇಡಿ.

ಮುಖಕ್ಕೆ ಕಟ್ಟಿದ ಕರವಸ್ತ್ರ, ಬಟ್ಟೆಯ ಮಾಸ್ಕ್, ಎನ್95 ಇವು ಧೂಳಿಗೆ. ಆವಿ ಅವುಗಳ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ಸಾವಯವ ಆವಿ ಹೀರುವ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಗಡ್ಡವಿದ್ದರೆ ಅದು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಕಾರ್ಟ್ರಿಜ್ಜನ್ನು ಕೆಲಸ ಮುಗಿದ ಮೇಲೆ ಮುಚ್ಚಿದ ಚೀಲದಲ್ಲಿಡದಿದ್ದರೆ ಅದು ಮೊಳೆಗೆ ತೂಗಿದಲ್ಲೇ ಆವಿ ಕುಡಿದು ಮುಗಿದುಹೋಗುತ್ತದೆ. ದ್ರಾವಕದ ಟ್ಯಾಂಕಿನೊಳಗೆ ಇಳಿಯಲು ಈ ರೆಸ್ಪಿರೇಟರ್ ಸಾಲದು. ಅಲ್ಲಿಗೆ ತರಬೇತಿ ಪಡೆದ ತಂಡ, ಹೊರಗಿನಿಂದ ಗಾಳಿ ಪೂರೈಸುವ ಸಾಧನ, ಬಾಯಿಯಲ್ಲಿ ಕಾವಲು ನಿಂತವರು ಇಲ್ಲದೆ ಯಾರನ್ನೂ ಇಳಿಸಬೇಡಿ. ಬಿದ್ದವನನ್ನು ಎತ್ತಲು ಹಾಗೆಯೇ ಇಳಿದ ಎರಡನೆಯವನೂ ಸಾಯುವುದು ಇಂಥ ಅವಘಡಗಳ ಕೆಟ್ಟ ರೂಢಿ.

ಆಸ್ಪತ್ರೆಯಲ್ಲಿ ಬಳಸುವಂಥ ತೆಳು ನೈಟ್ರೈಲ್ ಕೈಗವಸನ್ನು ಟೊಲುಯೀನ್ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಅದು ಹನಿ ಚಿಮ್ಮಿದಾಗಿನ ರಕ್ಷಣೆಗಷ್ಟೇ, ಒದ್ದೆಯಾದರೆ ಬದಲಿಸಿ. ಕೈ ಅದ್ದುವ ಕೆಲಸಕ್ಕೆ ವೈಟಾನ್ ಎಂಬ, ದ್ರಾವಕ ತಾಳುವ ರಬ್ಬರಿನ ಕೈಗವಸು ಬೇಕು. ಸಂಜೆ ಕೈಗಂಟಿದ ಬಣ್ಣವನ್ನು ಥಿನ್ನರಿನಿಂದಲೇ ತೊಳೆದುಕೊಳ್ಳುವುದು ಪೇಂಟರ್‌ಗಳ ಹಳೆಯ ಚಾಳಿ. ಚರ್ಮದ ಜಿಡ್ಡೆಲ್ಲ ಹೋಗಿ ಅಂಗೈ ಬಿರಿಯುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿ ಸೋಪು ಹಚ್ಚಿ ತೊಳೆದರೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ.

ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಹೊಟ್ಟೆಯಲ್ಲಿರುವುದಕ್ಕಿಂತ ಅದು ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿಯುವ ಹನಿಗಳೇ ಹೆಚ್ಚು ಅಪಾಯ. ಬಾಯಿಂದ ಕೊಳವೆ ಎಳೆಯಬಾರದೆಂದದ್ದೂ ಇದಕ್ಕೇ. 108ಕ್ಕೆ ಕರೆ ಮಾಡಿ, ಡ್ರಮ್ಮಿನ ಮೇಲಿನ ಚೀಟಿಯ ಚಿತ್ರವನ್ನು ವೈದ್ಯರಿಗೆ ತೋರಿಸಿ.

ಚೆಲ್ಲಿದರೆ

ಎಲ್ಲರನ್ನೂ ಹೊರಗೆ ಕಳಿಸಿ. ಒಳಗಿನ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಗಾಬರಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಲು ಹೋದ ಬೆರಳೇ ಬೆಂಕಿ ಹಚ್ಚಬಹುದು. ಮುಖ್ಯ ವಿದ್ಯುತ್ತನ್ನು ಶೆಡ್ಡಿನ ಹೊರಗಿನಿಂದ ತೆಗೆಯಿರಿ. ಬಾಗಿಲುಗಳನ್ನು ತೆರೆದು ಗಾಳಿಯಾಡಲು ಬಿಡಿ. ಸಣ್ಣ ಪ್ರಮಾಣವಾದರೆ ರೆಸ್ಪಿರೇಟರ್ ಧರಿಸಿದ ಒಬ್ಬರು ಗಾಳಿ ಬೀಸುವ ಕಡೆಯಿಂದ ಬಂದು ಒಣ ಮರಳಿನಿಂದ ಸುತ್ತಲೂ ಏರಿ ಕಟ್ಟಿ, ಬಳಿಕ ಮೇಲೆ ಸುರಿದು ಹೀರಿಸಲಿ. ಮರದ ಹೊಟ್ಟು ಬೇಡ, ಅದು ಉರಿಯುವ ವಸ್ತು. ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಸಲಿಕೆಯಿಂದ ಬಾಚಿ ಮುಚ್ಚಳದ ಡಬ್ಬಿಗೆ ಹಾಕಿ. ನೀರು ಹಾಕಿ ತೊಳೆದು ಚರಂಡಿಗೆ ತಳ್ಳಿದರೆ ಅದು ನೀರಿನ ಮೇಲೆ ತೇಲುತ್ತಾ ರಾಜಕಾಲುವೆಯವರೆಗೂ ಹೋಗುತ್ತದೆ, ದಾರಿಯಲ್ಲಿ ಎಲ್ಲಿ ಬೇಕಾದರೂ ಹೊತ್ತಿಕೊಳ್ಳುತ್ತದೆ. ಡ್ರಮ್ಮೇ ಉರುಳಿದ್ದರೆ ನೀವು ಕೈ ಹಾಕಬೇಡಿ. 101 ಅಥವಾ 112.

ಬೆಂಕಿ ಹತ್ತಿದರೆ

ಟ್ರೇ ಅಥವಾ ಸಣ್ಣ ಡಬ್ಬಿಗೆ ಹತ್ತಿದ ಬೆಂಕಿಗೆ ಮುಚ್ಚಳವೇ ಮೊದಲ ಮದ್ದು. ಅದಾಗದಿದ್ದರೆ ಒಣ ರಾಸಾಯನಿಕ ಪುಡಿ, ನೊರೆ ಅಥವಾ ಇಂಗಾಲದ ಡೈಆಕ್ಸೈಡಿನ ನಂದಕ. ನಂದಕ ಇರಬೇಕಾದದ್ದು ಬಾಗಿಲ ಬಳಿ, ಡ್ರಮ್ಮಿನ ಪಕ್ಕದಲ್ಲಲ್ಲ. ಬೆನ್ನ ಹಿಂದೆ ಹೊರಗೋಡುವ ದಾರಿ ಇಟ್ಟುಕೊಂಡು, ಎರಡು-ಮೂರು ಮೀಟರ್ ದೂರದಿಂದ, ಜ್ವಾಲೆಯ ಬುಡಕ್ಕೆ ಅಡ್ಡಡ್ಡ ಬೀಸುತ್ತಾ ಹೊಡೆಯಿರಿ. ಹತ್ತಿರ ನಿಂತು ಹೊಡೆದರೆ ದ್ರವವೇ ಚಿಮ್ಮಿ ಬೆಂಕಿ ಹರಡುತ್ತದೆ. ಕೊಡದಿಂದ ನೀರು ಸುರಿದರೂ ಇದೇ ಗತಿ. ಒಂದು ನಂದಕ ಖಾಲಿಯಾಗುವುದರೊಳಗೆ ಆರದಿದ್ದರೆ, ಅಥವಾ ಜ್ವಾಲೆ ಮುಚ್ಚಿದ ಡ್ರಮ್ಮನ್ನು ಸುತ್ತಿದ್ದರೆ, ಬಿಟ್ಟು ಓಡಿ. ಕಾದ ಡ್ರಮ್ ಎಷ್ಟು ಹೊತ್ತು ತಾಳುತ್ತದೆಂದು ಲೆಕ್ಕ ಹಾಕುತ್ತಾ ನಿಲ್ಲುವ ಹೊತ್ತಲ್ಲ ಅದು.

ಬಟ್ಟೆಗೆ ಬೆಂಕಿ ಹತ್ತಿದವರನ್ನು ಓಡಲು ಬಿಡದೆ ನೆಲಕ್ಕೆ ಕೆಡವಿ ಹೊರಳಿಸಿ. ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಇಡಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಬೇಡ.

ನಿಮ್ಮಲ್ಲಿರುವುದು ಬೇರೆ ದ್ರಾವಕವಾದರೆ

ಮೇಲಿನ ಕ್ರಮ ಬಹುತೇಕ ಎಲ್ಲಕ್ಕೂ ಸಲ್ಲುತ್ತದೆ, ಕೆಲವು ವ್ಯತ್ಯಾಸಗಳಿವೆ. ಅಸಿಟೋನ್ ನೀರಿನಲ್ಲಿ ಬೆರೆಯುವುದರಿಂದ ಸಾಮಾನ್ಯ ನೊರೆ ಅದರ ಮೇಲೆ ನಿಲ್ಲದೆ ಕರಗುತ್ತದೆ. ಆಲ್ಕೋಹಾಲ್ ತಡೆಯುವ ನೊರೆ ಬೇಕು. ಕ್ಸೈಲೀನ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 27 ಡಿಗ್ರಿ, ಕಾಗದದ ಮೇಲೆ ಅದು ಟೊಲುಯೀನ್‌ಗಿಂತ ಸೌಮ್ಯ, 'ಬಿ' ವರ್ಗದ್ದು. ಆದರೆ ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಶೆಡ್ಡಿನೊಳಗೆ 40 ಡಿಗ್ರಿ ದಾಟಿರುವಾಗ ಈ ವರ್ಗೀಕರಣದಿಂದ ಸಮಾಧಾನಪಡುವಂತಿಲ್ಲ. ಚೀಟಿಯ ಮೇಲಿನ ಫ್ಲ್ಯಾಶ್ ಪಾಯಿಂಟನ್ನು ನಿಮ್ಮ ಊರಿನ ಉಷ್ಣಾಂಶದ ಜೊತೆ ಹೋಲಿಸಿ ನೋಡಿ.

ಖಾಲಿ ಡ್ರಮ್

ಬಗ್ಗಿಸಿ ಕೊನೆಯ ಹನಿಯವರೆಗೂ ಸುರಿದುಕೊಂಡ ಡ್ರಮ್ಮಿನ ತಳದ ಅಂಚಿನಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. 200 ಲೀಟರ್ ಡ್ರಮ್ಮಿನ ಒಳಗನ್ನು ಸ್ಫೋಟಕ ಮಿಶ್ರಣವಾಗಿಸಲು ಬೇಕಾದದ್ದು ಸುಮಾರು 10 ಮಿಲಿಲೀಟರ್, ಎರಡು ಚಮಚೆ. ತುಂಬಿದ ಡ್ರಮ್ಮಿನಲ್ಲಿ ಆವಿಗೆ ಜಾಗವೇ ಕಡಿಮೆ. ಖಾಲಿ ಡ್ರಮ್ಮಿನ ತುಂಬ ಅದೇ. ಆದರೂ ತುಂಬಿದ್ದನ್ನು ಉಗ್ರಾಣದಲ್ಲಿ ಭದ್ರವಾಗಿಟ್ಟು ಖಾಲಿಯನ್ನು ಶೆಡ್ಡಿನ ಹಿಂದೆ ಬಿಸಿಲಿಗೆಸೆಯುತ್ತೇವೆ. ಅದನ್ನು ಗುಜರಿಯವರು ಒಯ್ಯುತ್ತಾರೆ, ಇಲ್ಲವೇ ನಮ್ಮವರೇ ನೀರಿನ ತೊಟ್ಟಿಗೋ ಒಲೆಗೋ ಬೇಕೆಂದು ಗ್ಯಾಸ್ ಕಟರ್ ಹಿಡಿಯುತ್ತಾರೆ. ಮುಚ್ಚಳ ಹಾರುವುದು, ಕತ್ತರಿಸುವವನ ಎದೆಗೆ ತಳ ಬಡಿಯುವುದು ಆಗಲೇ. ನೀರಿನಲ್ಲಿ ಒಮ್ಮೆ ತೊಳೆದರೆ ಸಾಲದು, ಟೊಲುಯೀನ್ ನೀರಿನಲ್ಲಿ ಕರಗುವುದಿಲ್ಲ.

ಖಾಲಿ ಡ್ರಮ್ಮಿನ ಎರಡೂ ಬಿರಡೆಗಳನ್ನು ಬಿಗಿದು, ಹಳೆಯ ಚೀಟಿಯನ್ನು ಹಾಗೆಯೇ ಉಳಿಸಿ, ತುಂಬಿದ್ದರ ಜೊತೆಗೇ ಇಡಿ. ಸಾಧ್ಯವಿದ್ದರೆ ಪೂರೈಕೆದಾರರಿಗೇ ವಾಪಸು ಕೊಡಿ. ಇಲ್ಲವಾದರೆ ಖಾಲಿ ಡ್ರಮ್ಮು, ಬಳಸಿ ಕೆಟ್ಟ ದ್ರಾವಕ, ಒರೆಸಿದ ಬಟ್ಟೆ ಎಲ್ಲವೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತವೆ. 90 ದಿನಗಳಿಗಿಂತ ಹೆಚ್ಚು ಕಾಲ ಕೂಡಿಟ್ಟುಕೊಳ್ಳುವಂತಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಸ್ಕರಣಾ ಘಟಕಕ್ಕೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಗುಜರಿಯವನು ಡ್ರಮ್ಮಿಗೆ ಹೆಚ್ಚು ದುಡ್ಡು ಕೊಡುತ್ತಾನೆ ಎಂಬುದು ನಿಜ. ಅವನ ಅಂಗಡಿಯಲ್ಲಿ ಅದನ್ನು ಕತ್ತರಿಸುವ ಹುಡುಗನಿಗೆ ಒಳಗೆ ಏನಿತ್ತೆಂದು ಹೇಳುವವರು ಯಾರೂ ಇರುವುದಿಲ್ಲ.